ಕರಕರ ಅಂದ ಮಾತ್ರಕ್ಕೆ ಮೈಕ್ ಸೆಟ್ ಸತ್ತಿಲ್ಲ

ವಾಲ್ಯೂಮ್ ತಿರುವಿದರೆ ಕರಕರ ಅನ್ನುತ್ತದೆ. ಸ್ವಲ್ಪ ಮುಂದೆ ತಿರುವಿದರೆ ದನಿಯೇ ಮಾಯ. ನಾಬ್ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಮತ್ತೆ ಬರುತ್ತದೆ. ಮಾನ್ವಿ, ದೇವದುರ್ಗ ಕಡೆಯ ಹಳ್ಳಿಗಳ ಗುಡಿ, ಮಸೀದಿ, ಶಾಲೆಗಳಲ್ಲಿ ಇಂಥ ಆಂಪ್ಲಿಫೈಯರ್ ನೀವೂ ನೋಡಿರುತ್ತೀರಿ. ಭಜನೆ ನಡೆಯುವಾಗ ಒಬ್ಬ ಹುಡುಗ ಅದರ ಪಕ್ಕದಲ್ಲೇ ಕೂತು ನಾಬ್ ಹಿಡಿದುಕೊಂಡಿರುತ್ತಾನೆ. ಅವನ ಕೆಲಸ ಅಷ್ಟೇ.

ಕಡೆಗೆ ಒಂದು ದಿನ ಕಮಿಟಿಯವರು ಸೆಟ್ಟನ್ನು ಬಸ್ಸಿಗೆ ಹಾಕಿಕೊಂಡು ರಾಯಚೂರಿಗೆ ಬರುತ್ತಾರೆ. ಅಂಗಡಿಯವನು ಮುಚ್ಚಳ ಕೂಡ ತೆಗೆಯದೆ ಹೇಳುತ್ತಾನೆ: "ಇದರ ಬೋರ್ಡ್ ಹೋಗ್ಯಾದ್ರಿ ಅಣ್ಣಾರ. ಹಳೇ ಮಾಲು, ಪಾರ್ಟ್ ಸಿಗಂಗಿಲ್ಲ. ಎಕ್ಸ್‌ಚೇಂಜ್ ಮಾಡ್ಕೊಡ್ತೀನಿ, ಹೊಸದು ತಗೊಂಡೋಗ್ರಿ."

ಹೊಸದಕ್ಕೆ ಹತ್ತು ಸಾವಿರ ದಾಟುತ್ತದೆ. ಹಳೆಯದಕ್ಕೆ ಕೊಡುವುದು ಕೆಲವು ನೂರು. ಆ ಹತ್ತು ಸಾವಿರ ಮನೆಮನೆಗೆ ತಿರುಗಿ ಎತ್ತಿದ ಪಟ್ಟಿ ಹಣ. ಹತ್ತಿ ಬಿಡಿಸುವ ಕೂಲಿಯವರು ಕೊಟ್ಟ ಐವತ್ತು, ನೂರು ಸೇರಿದ ಹಣ.

ನನ್ನ ತಕರಾರು ಇಲ್ಲಿಂದ ಶುರು. ನಾಬ್ ತಿರುವಿದಾಗ ಮಾತ್ರ ಕರಕರ ಅನ್ನುವ ಸೆಟ್ಟಿಗೆ ಬಹುಪಾಲು ಆಗಿರುವುದು ಹೊಲಸು, ಅಷ್ಟೇ. ಆ ಹೊಲಸು ತೆಗೆಯಲು ಒಂದು ಸ್ಪ್ರೇ ಡಬ್ಬಿ ಮತ್ತು ಅರ್ಧ ತಾಸು ಸಾಕು. ಮುಚ್ಚಳ ತೆಗೆಯದೆ "ಬೋರ್ಡ್ ಹೋಗ್ಯಾದ" ಅನ್ನುವವನು ಒಂದೋ ಕೆಲಸ ಕಲಿತಿಲ್ಲ, ಇಲ್ಲಾ ಕಲಿತೂ ನಿಮ್ಮ ಜೇಬಿಗೆ ಕೈ ಹಾಕುತ್ತಿದ್ದಾನೆ.

ಒಳಗೆ ಏನಿದೆ ಅಂತ ತಿಳಿದರೆ ನಿಮಗೆ ಯಾರೂ ಟೋಪಿ ಹಾಕಲಾರರು. ನಾಬ್ ಹಿಂದೆ ಇರುವ ಗುಂಡನೆಯ ಡಬ್ಬಿಗೆ ಮೆಕ್ಯಾನಿಕ್‌ಗಳು ವಾಲ್ಯೂಮ್ ಕಂಟ್ರೋಲ್ ಅಥವಾ ಪಾಟ್ ಅನ್ನುತ್ತಾರೆ. ಅದರೊಳಗೆ ಕುದುರೆ ಲಾಳದ ಆಕಾರದಲ್ಲಿ ಕಾರ್ಬನ್ ಪಟ್ಟಿ. ಅದರ ಮೇಲೆ ಜಾರುವ ಒಂದು ಸಣ್ಣ ಲೋಹದ ನಾಲಿಗೆ. ನಾಲಿಗೆ ಪಟ್ಟಿಗೆ ಸರಿಯಾಗಿ ತಾಗಿದ್ದರೆ ದನಿ ಶುದ್ಧ. ನಡುವೆ ದೂಳು, ಒಣಗಿದ ಗ್ರೀಸ್, ಕಿಲುಬು ಸೇರಿದರೆ ನಾಲಿಗೆ ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ಆ ತಾಗು ಬಿಡುವನ್ನೇ ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ. ನಿಮಗೆ ಕೇಳುವ ಕರಕರ ಅದೇ.

ದೂಳಿಗೆ ನಮ್ಮಲ್ಲಿ ಬರವೇ? ಮಾನ್ವಿ ಕಡೆ ಭತ್ತದ ಹೊಟ್ಟು, ರಾಯಚೂರಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನ ಎಳೆ, ದೇವದುರ್ಗದ ರಸ್ತೆಯ ಮಣ್ಣು. ಇದರ ಮೇಲೆ ಗುಡಿಯೊಳಗಿನ ಊದುಬತ್ತಿ, ಕರ್ಪೂರದ ಮಸಿ, ವಿಭೂತಿ. ಆಂಪ್ಲಿಫೈಯರಿನ ತಲೆ ಮೇಲೆ ಗಾಳಿಯಾಡಲು ತೂತುಗಳಿರುತ್ತವೆ, ಎಲ್ಲವೂ ಸೀದಾ ಒಳಗೆ. ಇಷ್ಟು ವರ್ಷ ಹಾಡಿದ್ದೇ ಹೆಚ್ಚು.

ಹಾಗಾದರೆ ಮಾಡುವುದೇನು? ಮೊದಲು ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಒಳಗಿನ ದೊಡ್ಡ ಕಂಡೆನ್ಸರ್‌ಗಳು ಕರೆಂಟ್ ಹಿಡಿದಿಟ್ಟುಕೊಂಡಿರುತ್ತವೆ, ಆದ್ದರಿಂದ ಸ್ವಲ್ಪ ಹೊತ್ತು ಬಿಟ್ಟು, ಕೆಲಸ ಗೊತ್ತಿದ್ದವರ ಕೈಯಲ್ಲೇ ಮುಚ್ಚಳ ತೆಗೆಸಿ. ವಾಲ್ವ್ ಇರುವ ಹಳೇ ರೇಡಿಯೋ ಆದರೆ ನೀವು ಮುಟ್ಟಲೇಬೇಡಿ, ಅದರೊಳಗೆ ಇನ್ನೂರು ಮುನ್ನೂರು ವೋಲ್ಟ್ ಓಡಾಡುತ್ತದೆ. ಪಾಟಿನ ಮೂರು ಕಾಲುಗಳ ಹತ್ತಿರ ಸಣ್ಣ ಸಂದು ಕಾಣುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯ ಕೊಳವೆ ಅಲ್ಲಿಗೆ ಹಿಡಿದು ಒಂದೇ ಸಲ ಪುಸ್ ಅನ್ನಿಸಿ. ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುವಿ. ಬೇಕಾದರೆ ಇನ್ನೊಂದು ಸಲ. ಪೂರ್ತಿ ಒಣಗುವ ತನಕ ಪ್ಲಗ್ ಹಾಕಬೇಡಿ, ಇಂಥ ಸ್ಪ್ರೇಗಳಲ್ಲಿ ಎಷ್ಟೋ ಬೆಂಕಿ ಹಿಡಿಯುವಂಥವು. ಸ್ವಿಚ್, ರೇಡಿಯೋದ ಬ್ಯಾಂಡ್ ಬದಲಿಸುವ ಗುಂಡಿ, ಟೇಪ್ ರೆಕಾರ್ಡರಿನ ಗುಂಡಿಗಳಿಗೂ ಇದೇ ಮದ್ದು. ಸ್ವಲ್ಪ ಸ್ಪ್ರೇ, ಇಪ್ಪತ್ತು ಸಲ ಒತ್ತುವುದು, ಬಿಡುವುದು.

ಸ್ಪ್ರೇ ಸಿಗದಿದ್ದರೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಅನ್ನುವ ಸ್ಪಿರಿಟ್ ಇರುತ್ತದೆ, ಅದೂ ನಡೆಯುತ್ತದೆ. ಆದರೆ ಅದು ಒಳಗಿನ ಗ್ರೀಸನ್ನೂ ತೊಳೆದುಬಿಡುವುದರಿಂದ ನಾಬ್ ಸ್ವಲ್ಪ ಒಣ ಒಣ ಅನ್ನಿಸಬಹುದು. ಕೊರೊನಾ ಕಾಲದ ಸ್ಯಾನಿಟೈಜರ್ ಉಳಿದಿದೆ ಅಂತ ಸುರಿಯಬೇಡಿ, ಅದರಲ್ಲಿ ನೀರು ಮತ್ತು ಗ್ಲಿಸರಿನ್ ಇರುತ್ತದೆ.

ಇನ್ನು ನಮ್ಮೂರ ಜಾಣರ ವಿಷಯ. ಸೀಮೆಎಣ್ಣೆ ಬಿಡುವವರು, ಕೊಬ್ಬರಿ ಎಣ್ಣೆ ಬಿಡುವವರು, ಬೈಕಿನ ಪೆಟ್ರೋಲ್ ಹೀರಿ ತಂದು ಸುರಿಯುವವರು. ಎಣ್ಣೆಯ ಜಿಡ್ಡಿಗೆ ತಿಂಗಳಲ್ಲಿ ಇಮ್ಮಡಿ ದೂಳು ಅಂಟುತ್ತದೆ. ಪೆಟ್ರೋಲಿನ ಕತೆ ಹೇಳುವುದೇ ಬೇಡ, ಒಂದು ಕಿಡಿ ಸಾಕು. ನೀಲಿ ಡಬ್ಬಿಯ ಡಬ್ಲ್ಯುಡಿ-40 ತುಕ್ಕು ಹಿಡಿದ ನಟ್ಟು ಬಿಚ್ಚಲು ಒಳ್ಳೆಯದು, ಪಾಟಿಗೆ ಬೇಡ. ಅದೇ ಹೆಸರಿನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಬೇರೆ ಬರುತ್ತದೆ, ಡಬ್ಬಿ ಮೇಲೆ ಓದಿ ಕೊಳ್ಳಿ. ಕೆಲವರು ಪಾಟ್ ಬಿಚ್ಚಿ ಉಪ್ಪು ಕಾಗದದಿಂದ ತಿಕ್ಕುತ್ತಾರೆ. ಕಾರ್ಬನ್ ಪಟ್ಟಿಯೇ ಎದ್ದುಹೋಗುತ್ತದೆ. ಹೊಲಸಾಗಿದ್ದ ಪಾಟು ಆವಾಗ ನಿಜವಾಗಿ ಸಾಯುತ್ತದೆ.

ಸತ್ತರೂ ಸೆಟ್ ಸಾಯುವುದಿಲ್ಲ. ಎಷ್ಟು ತೊಳೆದರೂ ಒಂದೇ ಜಾಗದಲ್ಲಿ ದನಿ ಸತ್ತರೆ ಪಟ್ಟಿ ಸವೆದಿದೆ ಅಂತ ಅರ್ಥ, ಪಾಟ್ ಬದಲಿಸಬೇಕು. ಸಾಮಾನ್ಯ ಪಾಟಿನ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ. ತೊಳೆದ ಮರುದಿನವೇ ಕರಕರ ವಾಪಸ್ ಬಂದರೆ ಹಿಂದಿನ ಕಂಡೆನ್ಸರ್ ಸೋರುತ್ತಿರಬಹುದು, ಅದೂ ಸಣ್ಣ ಸಾಮಾನೇ. ನಾಬ್ ಮುಟ್ಟದಿದ್ದರೂ ಕರಕರ ಬರುತ್ತಿದ್ದರೆ ಮಾತ್ರ ಬೇರೆ ಕಡೆ ಹುಡುಕಬೇಕು.

ಪಾಟ್ ಬದಲಿಸುವಾಗಲೂ ಮೋಸವಿದೆ. ಹಳೆಯದರ ಮೈಮೇಲೆ ಎ50ಕೆ, ಬಿ50ಕೆ ಅಂತ ಬರೆದಿರುತ್ತದೆ. ಈಗ ಸಿಗುವ ಮಾಲಿನಲ್ಲಿ ಎ ಅಂದರೆ ದನಿಗೆ ಮಾಡಿದ್ದು, ಬಿ ಅಂದರೆ ಸಮವಾಗಿ ಏರುವಂಥದ್ದು. ಕೈಗೆ ಸಿಕ್ಕ ಬಿ ಪಾಟನ್ನು ವಾಲ್ಯೂಮಿಗೆ ಹಾಕಿದರೆ ನಾಬ್ ಸ್ವಲ್ಪ ತಿರುವುತ್ತಲೇ ದನಿ ಕಿವಿಗೆ ಬಡಿಯುತ್ತದೆ, ಆಮೇಲೆ ಎಷ್ಟು ತಿರುವಿದರೂ ಅಷ್ಟಕ್ಕಷ್ಟೇ. ಆಗ ನೀವು ಬೈಯುವುದು ಬಡಪಾಯಿ ಸೆಟ್ಟಿಗೆ.

ಅಂಗಡಿಯವರ ಮಾತನ್ನೂ ಹೇಳಬೇಕು. ತೀನ್ ಕಂದೀಲ್ ಸುತ್ತ ಓಡಾಡುವಾಗ ಒಬ್ಬ ಹಿರಿಯ ಮೆಕ್ಯಾನಿಕ್ ನನಗೆ ಅಂದದ್ದು: "ಹೊಸಾದಕ್ಕ ಹನ್ನೆರಡು ಸಾವಿರ ಎಣಸ್ತಾರ, ತೊಳದು ಕೊಟ್ಟರ ಇನ್ನೂರು ಕೊಡಾಕ ಅಳತಾರ. ಏನ್ ಮಾಡೀಯಪ್ಪಾ, ಬರೇ ಸ್ಪ್ರೇ ಹೊಡದೀ ಅಂತಾರ." ಈ ಏಟು ನಮಗೇ ಬೀಳಬೇಕಾದದ್ದು. ಸಾಮಾನಿಗೆ ದುಡ್ಡು ಕೊಡುತ್ತೇವೆ, ಕೈಗೆಲಸಕ್ಕೆ ಕೊಡುವುದಿಲ್ಲ. ರಿಪೇರಿ ಗೊತ್ತಿದ್ದವನನ್ನು ನಾವೇ ಹೊಸ ಮಾಲು ಮಾರುವವನನ್ನಾಗಿ ಮಾಡಿದ್ದೇವೆ. ಅವನ ಮಗ ಈ ಕೆಲಸ ಕಲಿಯುತ್ತಾನೆಯೇ?

ಹಾಗಂತ ಮೋಸಕ್ಕೆ ಮಾಫಿ ಇಲ್ಲ. ಎಕ್ಸ್‌ಚೇಂಜಿಗೆ ಕೊಟ್ಟ ನಿಮ್ಮ ಸೆಟ್ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ್ದೀರಾ? ಅದರ ಟ್ರಾನ್ಸ್‌ಫಾರ್ಮರಿನಲ್ಲಿ ತಾಮ್ರ ಇದೆ, ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಬೆಲೆ. ಇಲ್ಲವೇ ಅದೇ ಸ್ಪ್ರೇ ಹೊಡೆಸಿಕೊಂಡು, ಸೆಕೆಂಡ್ ಹ್ಯಾಂಡ್ ಅನ್ನಿಸಿಕೊಂಡು ಇನ್ನೊಂದು ಊರಿನ ಗುಡಿ ಸೇರುತ್ತದೆ.

ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆ ಸಾಮಾನು, ವಾಹನ ಎಲ್ಲ ಅದರಲ್ಲಿವೆ. ಒಳ್ಳೆಯದೇ. ಆದರೆ ದೇವದುರ್ಗದ ಭಜನಾ ಮಂಡಳಿಯ ಇಪ್ಪತ್ತು ವರ್ಷದ ಆಂಪ್ಲಿಫೈಯರಿಗೆ ಪೋರ್ಟಲ್ ಬಂದು ಸ್ಪ್ರೇ ಹೊಡೆಯುವುದಿಲ್ಲ. ನಿಮಗೆ ಹೆಚ್ಚು ಕೆಲಸಕ್ಕೆ ಬರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆ. ಅದರ ಪ್ರಕಾರ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರವೇ. ಕೊಡಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮುಂದಿನ ಸಲ ಸೆಟ್ ಹೊತ್ತು ರಾಯಚೂರಿಗೆ ಹೋದಾಗ ಮುಚ್ಚಳ ನಿಮ್ಮ ಎದುರಿಗೇ ತೆಗೆಯಲಿ. ನಾಬ್ ತಿರುವಿದಾಗ ಮಾತ್ರ ಕರಕರ ಬರುತ್ತದೆ ಅಂತ ನೀವೇ ಮೊದಲು ಹೇಳಿ, ತೊಳೆದು ನೋಡು ಅನ್ನಿ, ತೊಳೆದದ್ದಕ್ಕೆ ಚೌಕಾಸಿ ಮಾಡದೆ ಇನ್ನೂರು ಮುನ್ನೂರು ಕೊಡಿ. ಪಾಟ್ ಬದಲಿಸಿದರೆ ಹಳೆಯದನ್ನು ಕೈಗೆ ಇಸಿದುಕೊಂಡು ಅದರ ಮೇಲಿನ ಅಕ್ಷರ, ಹೊಸದರ ಅಕ್ಷರ ತಾಳೆ ನೋಡಿ. ಊರಿಗೆ ಬಂದಮೇಲೆ ಗುಡಿಯಲ್ಲಿ ಆಂಪ್ಲಿಫೈಯರಿಗೆ ಒಂದು ಬಟ್ಟೆ ಹೊದಿಸಿ, ಹಾಡು ಶುರುವಾಗುವ ಮುಂಚೆ ತೆಗೆಯಿರಿ, ಇಲ್ಲದಿದ್ದರೆ ಸೆಟ್ ಕಾಯುತ್ತದೆ.