ಬಂದು ಹೋಗಲು ಅಭಿಪ್ರಾಯ ಅಡ್ಡಿಯಾಗದಿರಲಿ

ಪುಣೆಯಲ್ಲಿ ಹುಟ್ಟಿದ ಕ್ಷಮಾ ಸಾವಂತ್ ಅಮೆರಿಕದ ಎರಡು ದೊಡ್ಡ ಪಕ್ಷಗಳನ್ನೂ ಸೇರದೆ, ‘ಸೋಷಲಿಸ್ಟ್ ಆಲ್ಟರ್ನೇಟಿವ್’ ಸಂಘಟನೆಯಿಂದ 2013ರಲ್ಲಿ ಸಿಯಾಟಲ್ ಸಿಟಿ ಕೌನ್ಸಿಲ್‌ಗೆ ಗೆದ್ದರು. ಮರುವರ್ಷವೇ, ಕನಿಷ್ಠ ಕೂಲಿಯನ್ನು ಹಂತ ಹಂತವಾಗಿ ಗಂಟೆಗೆ 15 ಡಾಲರ್‌ಗೆ ಏರಿಸುವ ಕಾನೂನು ಅಲ್ಲಿ ಬಂತು. 2021ರಲ್ಲಿ ಅವರನ್ನು ಹುದ್ದೆಯಿಂದ ಇಳಿಸಲು ಮತದಾನ ನಡೆದಾಗ ಸುಮಾರು 300 ಮತಗಳ ಅಂತರದಲ್ಲಿ ಉಳಿದುಕೊಂಡರು. 2023ರಲ್ಲಿ ಅವರು ಮಂಡಿಸಿದ ಜಾತಿ ತಾರತಮ್ಯ ನಿಷೇಧ 6–1 ಮತಗಳಿಂದ ಅಂಗೀಕಾರವಾಯಿತು. ಅಮೆರಿಕದ ನಗರಗಳಲ್ಲಿ ಇದೇ ಮೊದಲು. ಅಲ್ಲಿನ ಭಾರತೀಯರಲ್ಲೇ ಕೆಲವರು ಮೆಚ್ಚಿದರು, ಕೆಲವರು ವಿರೋಧಿಸಿದರು. ಅದು ರಾಜಕೀಯ.

ಆದರೆ ಬೆಂಗಳೂರಿನಲ್ಲಿರುವ ಅನಾರೋಗ್ಯಪೀಡಿತ ತಾಯಿಯನ್ನು ನೋಡಲು ಅವರಿಗೆ ವೀಸಾ ಸಿಗಲಿಲ್ಲವೆಂಬುದು 2025ರಲ್ಲಿ ಸುದ್ದಿಯಾಯಿತು. ಭಾರತದ ಪೌರತ್ವ ಕಾಯ್ದೆ ತಿದ್ದುಪಡಿಯನ್ನು ಖಂಡಿಸಿ ಕೌನ್ಸಿಲ್‌ನಲ್ಲಿ ನಿರ್ಣಯ ತಂದದ್ದೇ ಇದಕ್ಕೆ ಕಾರಣ ಎಂದು ಅವರು ದೂರಿದರು. ಮಗನೋ ಮಗಳೋ ಪರದೇಶದ ಪಾಸ್‌ಪೋರ್ಟ್ ಪಡೆದಿರುವ ನಮ್ಮ ಎಷ್ಟೋ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ರಾಜಕೀಯದ ಲೆಕ್ಕವನ್ನು ಮತದಾರರು ಚುಕ್ತಾ ಮಾಡುತ್ತಾರೆ. ಅದರ ಬಾಕಿಯನ್ನು ಹೆತ್ತವರ ಖಾತೆಗೆ ಹಾಕಬಾರದು. ತಂದೆ-ತಾಯಿ ಕಾಯಿಲೆ ಬಿದ್ದಾಗ ಕೇಳುವ ವೀಸಾವನ್ನು ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲಿ ಕೊಡಲಿ, ಮೇಲ್ಮನವಿಗೂ ದಾರಿ ಇರಲಿ. ಸರ್ಕಾರವನ್ನು ನಾವು ಕೇಳುವುದು ಇಷ್ಟೇ.