ಬಿಲ್ಲು ಕಾಣದವನ ಉಳಿತಾಯ



ಹೋದ ತಿಂಗಳು ಸಂಘದ ಕಚೇರಿಯಲ್ಲಿ ನಡೆದ ಸಭೆಯಲ್ಲಿ ಕರೆಂಟು ಉಳಿಸುವ ವಿಷಯವಾಗಿ ಮಹನೀಯರೊಬ್ಬರು ಅರ್ಧ ಗಂಟೆ ಮಾತನಾಡಿದರು. ಮಾತು ಚೆನ್ನಾಗಿಯೇ ಇತ್ತು. ಭೂಮಿ ಬಿಸಿಯಾಗುತ್ತಿದೆ, ಕಲ್ಲಿದ್ದಲು ಸುಡುವುದು ಕಡಿಮೆಯಾಗಬೇಕು, ಪ್ರತಿಯೊಬ್ಬನೂ ದಿನಕ್ಕೆ ಒಂದು ಯೂನಿಟ್ಟಾದರೂ ಉಳಿಸಬೇಕು ಎಂದರು. ಆಗ ಹಿಂದಿನ ಸಾಲಿನಿಂದ, ಮೋರಿಯಲ್ಲಿ ಗ್ಲಾಸು ತೊಳೆಯುವ ಹುಡುಗನೊಬ್ಬ ಎದ್ದು, "ಅಣ್ಣ, ನಾನು ಮುಂಬಯಿಗೆ ಬಂದು ನಾಲ್ಕು ವರ್ಷವಾಯಿತು. ಕರೆಂಟಿನ ಬಿಲ್ಲು ಹೇಗಿರುತ್ತದೆಂದೇ ನೋಡಿಲ್ಲ. ಏನನ್ನು ಉಳಿಸಲಿ?" ಎಂದು ಕೇಳಿದ. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಏಕೆಂದರೆ ಆ ಪಾಠವನ್ನು ನಾನು ದುಡ್ಡು ಕೊಟ್ಟು ಕಲಿತವನು.

ನಮ್ಮ ಖೋಲಿಯಲ್ಲಿ ಆರು ಜನ. ಎಲ್ಲರೂ ಹೋಟೆಲಿನವರೇ. ಕೆಲವರು ಬೆಳಗಿನ ಪಾಳಿ, ಕೆಲವರು ರಾತ್ರಿಯದು. ಆದುದರಿಂದ ಯಾರಾದರೊಬ್ಬರು ಮಲಗಿರುವುದು ಇದ್ದೇ ಇದೆ, ಎರಡು ಫ್ಯಾನುಗಳೂ ದಿನಕ್ಕೆ 20 ಗಂಟೆ ತಿರುಗುತ್ತವೆ. ಹಳೆಯ ಫ್ಯಾನು 75 ವ್ಯಾಟಿನದು. ಸಾವಿರ ವ್ಯಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಏಳನೆಯ ತರಗತಿಗೆ ಶಾಲೆ ಬಿಟ್ಟವನಾದರೂ ಈ ಲೆಕ್ಕ ನನಗೆ ಬರುತ್ತದೆ: ಒಂದು ಫ್ಯಾನಿಗೆ ದಿನಕ್ಕೆ ಒಂದೂವರೆ ಯೂನಿಟ್ಟು, ತಿಂಗಳಿಗೆ 45. ಎರಡಕ್ಕೆ 90. ದೀಪ, ಟಿ.ವಿ., ಮೊಬೈಲು ಎಲ್ಲ ಸೇರಿ ಇನ್ನೊಂದು 30. ಒಟ್ಟು 120 ಯೂನಿಟ್ಟಿನ ಸುತ್ತಮುತ್ತ.

2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಎಲ್.ಇ.ಡಿ. ಬಲ್ಬು ಚಾಳುಗಳಿಗೂ ಬಂತು. 60 ವ್ಯಾಟು ಉರಿಯುತ್ತಿದ್ದಲ್ಲಿ 9 ವ್ಯಾಟು ಉರಿಯುತ್ತಿದೆ. ಆ ಮಾತು ಬಹುಮಟ್ಟಿಗೆ ಮುಗಿದಂತೆಯೇ. ಆದರೆ ಫ್ಯಾನಿನ ಮಾತನ್ನು ಎತ್ತುವವರು ಕಡಿಮೆ. ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಫ್ಯಾನು ಸುಮಾರು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. 2023ರಿಂದ ಸೀಲಿಂಗ್ ಫ್ಯಾನುಗಳಿಗೂ ನಕ್ಷತ್ರದ ಚೀಟಿ ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲಿ ನೋಡಿಯೇ ಕೊಳ್ಳಬಹುದು. ಬೆಲೆ ಎರಡೂವರೆ ಮೂರು ಸಾವಿರ. ಗೋಡೆಯ ಹಳೆಯ ರೆಗ್ಯುಲೇಟರಿಗೆ ಮಾತ್ರ ಅದನ್ನು ಜೋಡಿಸಬಾರದು. ನಾವು ಆರೂ ಜನ ಚಂದಾ ಎತ್ತಿ ಎರಡು ತಂದೆವು. 90 ಯೂನಿಟ್ಟು ಇದ್ದದ್ದು 36ಕ್ಕೆ ಇಳಿಯಿತು.

ದುಡ್ಡು ಎಷ್ಟು ಉಳಿಯಿತು ಎಂದು ಕೇಳುತ್ತೀರಾ? ಒಂದು ಪೈಸೆಯೂ ಇಲ್ಲ.

ನಮ್ಮ ಖೋಲಿಯ ಮಾಲೀಕರು ಕರೆಂಟಿಗೆಂದು ತಲೆಗೆ 300 ರೂಪಾಯಿ ವಸೂಲು ಮಾಡುತ್ತಿದ್ದರು. ಫ್ಯಾನು ಬದಲಿಸುವ ಮೊದಲೂ 1,800, ಬದಲಿಸಿದ ಮೇಲೂ 1,800. ಫ್ಯಾನಿನ ದುಡ್ಡು ನಮ್ಮದು, ಉಳಿದ ದುಡ್ಡು ಅವರದು! ಇಷ್ಟರ ಮೇಲೆ ನಮಗೆ ಯಾರಾದರೂ ಮಿತವ್ಯಯದ ಉಪದೇಶ ಮಾಡಿದರೆ ಸಿಟ್ಟು ಬರುವುದಿಲ್ಲವೇ?

ಇನ್ನೊಂದು ಸಂಗತಿ. ಮುಂಬಯಿಯಲ್ಲಿ ಮನೆಬಳಕೆಯ ಕರೆಂಟಿಗೆ ಮೆಟ್ಟಿಲು ಮೆಟ್ಟಿಲಾಗಿ ದರ. ಮೊದಲ 100 ಯೂನಿಟ್ಟಿಗೆ ಅಗ್ಗ, 101ರಿಂದ 300ರವರೆಗೆ ಅದಕ್ಕಿಂತ ಹೆಚ್ಚು, ಅದರಾಚೆ ಇನ್ನೂ ಹೆಚ್ಚು. 75 ಯೂನಿಟ್ಟು ಉರಿಸುವ ನಾಲ್ಕು ಖೋಲಿಗಳಿಗೆ ಬೇರೆ ಬೇರೆ ಮೀಟರಿದ್ದರೆ ನಾಲ್ವರೂ ಕೆಳಗಿನ ಮೆಟ್ಟಿಲಿನಲ್ಲೇ ಇರುತ್ತಾರೆ. ನಾಲ್ಕಕ್ಕೂ ಮಾಲೀಕರ ಹೆಸರಿನ ಒಂದೇ ಮೀಟರಾದರೆ ಒಟ್ಟು 300. ಅದರಲ್ಲಿ 200 ಯೂನಿಟ್ಟಿಗೆ ಮೇಲಿನ ದರ ಬೀಳುತ್ತದೆ. ಕಡಿಮೆ ಉರಿಸುವ ಬಡವನು ಹೆಚ್ಚು ಉರಿಸುವವನ ದರ ತೆರುತ್ತಾನೆ.

2003ರ ವಿದ್ಯುಚ್ಛಕ್ತಿ ಕಾಯಿದೆಯ 43ನೆಯ ಕಲಮಿನಲ್ಲಿ, ಅರ್ಜಿ ಹಾಕಿದರೆ ಕರೆಂಟು ಕೊಡಬೇಕಾದದ್ದು ಕಟ್ಟಡದ ಒಡೆಯನಿಗೆ ಮಾತ್ರವಲ್ಲ, ಅಲ್ಲಿ ವಾಸವಾಗಿರುವವನಿಗೂ ಎಂದಿದೆ. ಕಾಗದದಲ್ಲಿ ಇರುವುದು ಬೇರೆ, ಕಿಟಕಿಯ ಮುಂದೆ ನಿಂತಾಗ ಆಗುವುದು ಬೇರೆ, ಬಲ್ಲೆ. ಬಾಡಿಗೆಯ ಕರಾರುಪತ್ರವೇ ಇಲ್ಲದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆದರೂ ಕಲಮು ಇದೆ ಎಂಬುದು ಗೊತ್ತಿರಲಿ. ಮೀಟರು ಸಿಗದಿದ್ದರೆ ಉಪಮೀಟರನ್ನಾದರೂ ಕೇಳಬಹುದು.

ಇನ್ನು ಗ್ಯಾಸಿನ ವಿಷಯ. ಇಲ್ಲಿ ಮಾಲೀಕರ ಕೈ ಇಲ್ಲ, ಉಳಿಸಿದ್ದು ನಮ್ಮದೇ. ಹೋಟೆಲು ಬಿಟ್ಟು ಸಂಘದ ಕೆಲಸಕ್ಕೆ ಬಂದ ಮೇಲೆ ನನ್ನ ಊಟ ನಾನೇ ಬೇಯಿಸಿಕೊಳ್ಳಬೇಕಾಯಿತು. ನಾವು ಉಡುಪಿಯ ಕಡೆಯವರು, ಕುಚ್ಚಲಕ್ಕಿ ಇಲ್ಲದಿದ್ದರೆ ಉಂಡಂತಾಗುವುದಿಲ್ಲ. ಅದು ಬೇಯಲು ಒಂದು ಗಂಟೆ ಬೇಕು. 5 ಕಿಲೋದ ಸಣ್ಣ ಸಿಲಿಂಡರು ನೋಡನೋಡುತ್ತಿದ್ದಂತೆ ಖಾಲಿ. ಆಗ ಊರಿನ ನೆನಪಾಯಿತು. ಅಮ್ಮ ಅನ್ನದ ಮಡಕೆ ಕುದಿ ಬಂದ ಮೇಲೆ ಕಟ್ಟಿಗೆ ಹಿಂದಕ್ಕೆ ಎಳೆದು, ಮುಚ್ಚಳ ಹಾಕಿ, ಕೆಂಡದ ಮೇಲೆ ಬಿಟ್ಟು ಗದ್ದೆಗೆ ಹೋಗುತ್ತಿದ್ದಳು. ಬರುವಷ್ಟರಲ್ಲಿ ಅನ್ನ ಬೆಂದಿರುತ್ತಿತ್ತು. ನೀರು ಒಮ್ಮೆ ಕುದಿದ ಮೇಲೆ ಉರಿ ಎಷ್ಟು ದೊಡ್ಡದು ಮಾಡಿದರೂ ಅದು ಹೆಚ್ಚು ಬಿಸಿಯಾಗುವುದಿಲ್ಲ, ಆವಿಯಾಗಿ ಹೋಗುತ್ತದೆ ಅಷ್ಟೆ. ಭಟ್ಟಿಯ ಮುಂದೆ ಹತ್ತು ವರ್ಷ ನಿಂತರೂ ಇದು ನನಗೆ ಹೊಳೆದಿರಲಿಲ್ಲ. ಅಲ್ಲಿ ಗ್ಯಾಸು ನನ್ನದಾಗಿರಲಿಲ್ಲವಲ್ಲ!

ಈಗ ನಾನು ಮಾಡುವುದು ಇಷ್ಟು. ಅಕ್ಕಿಯನ್ನು ಒಂದು ಗಂಟೆ ನೆನೆಹಾಕುತ್ತೇನೆ. ದಪ್ಪ ತಳದ ಪಾತ್ರೆಯಲ್ಲಿ ನೀರು ಧಾರಾಳವಾಗಿ ಹಾಕಿ, ಮುಚ್ಚಳವಿಟ್ಟು, ಹದಿನೈದು ನಿಮಿಷ ಕುದಿಸುತ್ತೇನೆ. ಗ್ಯಾಸು ಆರಿಸಿ, ಪಾತ್ರೆಯನ್ನು ಹಾಗೆಯೇ ಹಳೆಯ ಕಂಬಳಿಯಲ್ಲಿ ಎರಡು ಸುತ್ತು ಸುತ್ತಿ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತೇನೆ. ಒಂದೂವರೆ ಗಂಟೆಗೆ ಅನ್ನ ತಯಾರು. ನಡುವೆ ಮುಚ್ಚಳ ತೆರೆದು ಇಣುಕಬಾರದು. ಪಾತ್ರೆ ಮುಕ್ಕಾಲು ತುಂಬಿರಬೇಕು, ಒಬ್ಬನ ಪಾಲಿನ ಒಂದು ಹಿಡಿಗೆ ಶಾಖ ನಿಲ್ಲುವುದಿಲ್ಲ. ಆದ್ದರಿಂದ ಖೋಲಿಯವರೆಲ್ಲ ಒಟ್ಟಿಗೆ ಬೇಯಿಸುವುದೇ ಲೇಸು. ಬಿಸಿಯಿರುವಾಗಲೇ ಉಣ್ಣಬೇಕು, ಆರಿದ ಪಾತ್ರೆಯನ್ನು ದಿನವಿಡೀ ಕಂಬಳಿಯಲ್ಲಿ ಬಿಟ್ಟರೆ ಹಳಸುತ್ತದೆ. ನನ್ನ ಸಿಲಿಂಡರು ಹದಿನೇಳು ಹದಿನೆಂಟು ದಿನ ಬರುತ್ತಿದ್ದುದು ಈಗ ಇಪ್ಪತ್ತೈದು ದಿನಕ್ಕೆ ಬಂದಿದೆ.

ಸೆಟ್‌ಟಾಪ್ ಪೆಟ್ಟಿಗೆಯನ್ನು ರಿಮೋಟಿನಿಂದ ಆರಿಸಿದರೆ ಅದು ಆರುವುದಿಲ್ಲ. ಹತ್ತು ವ್ಯಾಟು ಎಂದೇ ಹಿಡಿದರೂ ತಿಂಗಳಿಗೆ ಏಳು ಯೂನಿಟ್ಟು ತಿನ್ನುತ್ತದೆ. ಗೋಡೆಯ ಸ್ವಿಚ್ಚನ್ನೇ ಒತ್ತಬೇಕು.

ಭೂಮಿ ಬಿಸಿಯಾಗುವ ಮಾತನ್ನು ನಾನು ಹಗುರವಾಗಿ ಕಾಣುವವನಲ್ಲ. ನಮ್ಮ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಕಲ್ಲಿದ್ದಲ ಸ್ಥಾವರವಿದೆ. ಇಲ್ಲಿ ಟ್ರಾಂಬೆಯಲ್ಲಿ ಇನ್ನೊಂದು. ಹೊಗೆ ಯಾರ ಮಾಡಿನ ಮೇಲೆ ಹೋಗುತ್ತದೆಂದು ಹೋಟೆಲು ಕೆಲಸದವನಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಉಳಿಸುವವನ ಕೈಗೆ ಉಳಿತಾಯ ಬರದಿದ್ದರೆ ಆತ ಎಷ್ಟು ದಿನ ಉಳಿಸಿಯಾನು?

ಮಾಲೀಕರನ್ನು ಕೇಳೋಣ ಎಂದಾಗ ನಮ್ಮ ಆರರಲ್ಲಿ ಇಬ್ಬರು ಹೆದರಿದರು. ಮೊದಲು ನಾನೊಬ್ಬನೇ ಹೋದಾಗ, "ಬೇಡವಾದರೆ ಖೋಲಿ ಬಿಡಿ" ಎಂಬ ಉತ್ತರ ಬಂತು. ಎರಡನೆಯ ಸಲ ಆರೂ ಜನ ಹೋದೆವು, ಪಕ್ಕದ ಖೋಲಿಯ ಐವರು ಜೊತೆಗೆ ಬಂದರು. ಉಪಮೀಟರು ಬಂತು. ಯೂನಿಟ್ಟಿಗೆ 12 ರೂಪಾಯಿ ಎಂದರು. ಮೊದಲ ತಿಂಗಳು 66 ಯೂನಿಟ್ಟು, 792 ರೂಪಾಯಿ, ತಲೆಗೆ 132. ಈ 12 ರೂಪಾಯಿ ಎಲ್ಲಿಂದ ಬಂತು ಎಂಬುದಕ್ಕೆ ಅಸಲು ಬಿಲ್ಲನ್ನು ಇನ್ನೂ ತೋರಿಸಿಲ್ಲ. ಬರುವ ತಿಂಗಳ ಮೊದಲ ವಾರ ಮತ್ತೆ ಹೋಗುವವರಿದ್ದೇವೆ. ಆ ಮೋರಿಯ ಹುಡುಗನೂ ಬರುತ್ತೇನೆಂದಿದ್ದಾನೆ, ಬಿಲ್ಲು ಹೇಗಿರುತ್ತದೆಂದು ನೋಡಲು.