ಅರ್ಧ ಚಿನ್ನ ಎಂಬುದಿಲ್ಲ

ಈಜಿನಲ್ಲಿ ಇಬ್ಬರು ಚಿನ್ನ ಹಂಚಿಕೊಂಡಾಗಲೆಲ್ಲ ಗೊಣಗಾಟ ಶುರುವಾಗುತ್ತದೆ: ಇಷ್ಟೊಂದು ಯಂತ್ರಗಳಿರುವಾಗ ಸೆಕೆಂಡನ್ನು ಸಾವಿರ ಪಾಲು ಮಾಡಿ ಒಬ್ಬರನ್ನೇ ಗೆಲ್ಲಿಸಬಾರದೇಕೆ? ಹಂಚಿಕೊಂಡದ್ದು ಅರ್ಧ ಚಿನ್ನವಲ್ಲವೇ? ಅಲ್ಲ. ಅಳತೆಗೋಲು ತನ್ನ ಮಿತಿ ಒಪ್ಪಿಕೊಂಡು ಕೊಟ್ಟ ತೀರ್ಪು ಅದು. ಒಬ್ಬನೇ ಗೆದ್ದ ಎಷ್ಟೋ ಚಿನ್ನಗಳಿಗಿಂತ ಹೆಚ್ಚು ಪ್ರಾಮಾಣಿಕವಾದದ್ದು.

ಕೆನಡಾದ ಬ್ರೆಂಟ್ ಹೇಡನ್ ಅವರನ್ನೇ ನೋಡಿ. 2007ರಲ್ಲಿ ಮೆಲ್ಬರ್ನ್ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಅವರೂ ಇಟಲಿಯ ಫಿಲಿಪ್ಪೊ ಮಾನ್ಯೀನಿಯೂ 48.43 ಸೆಕೆಂಡಿಗೆ ಗೋಡೆ ಮುಟ್ಟಿದರು. ಇಬ್ಬರಿಗೂ ಚಿನ್ನ.

ಗಡಿಯಾರ ಇನ್ನೂ ಸೂಕ್ಷ್ಮವಾಗಿ ಎಣಿಸಬಲ್ಲದು, ನಿಜ. ತೊಡಕಿರುವುದು ಕೊಳದಲ್ಲಿ. ಓಟಗಾರರೆಲ್ಲ ಒಂದೇ ಗೆರೆ ದಾಟುತ್ತಾರೆ. ಈಜುಗಾರರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಲೇನಿನ ಗೋಡೆ ಮುಟ್ಟುತ್ತಾರೆ. ಐವತ್ತು ಮೀಟರ್ ಕೊಳ 3 ಸೆಂಟಿಮೀಟರ್‌ವರೆಗೆ ಹೆಚ್ಚು ಉದ್ದವಾಗಿದ್ದರೂ ಆಗಿನ ನಿಯಮಕ್ಕೆ ಅಡ್ಡಿಯಿರಲಿಲ್ಲ. ಹೇಡನ್ ಅವರ ವೇಗ ಸೆಕೆಂಡಿಗೆ ಸುಮಾರು ಎರಡು ಮೀಟರ್. ಸಾವಿರದ ಒಂದು ಪಾಲಿನಲ್ಲಿ ಅವರು ಸಾಗುವುದು 2 ಮಿಲಿಮೀಟರ್. ಅಷ್ಟು ಅಂತರ ಹಿಡಿದು ತೀರ್ಪು ಕೊಟ್ಟರೆ ಗೆದ್ದದ್ದು ಈಜುಗಾರನೋ, ಆ ಲೇನಿಗೆ ಟೈಲ್ಸ್ ಹಾಕಿದ ಮೇಸ್ತ್ರಿಯೋ?

ಈ ತಪ್ಪು ಒಮ್ಮೆ ನಡೆದೂ ಹೋಗಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕೀ ಇಬ್ಬರದೂ 4 ನಿಮಿಷ 31.98 ಸೆಕೆಂಡು. ಸಾವಿರದ ಎರಡು ಪಾಲಿನ ಲೆಕ್ಕದಲ್ಲಿ ಚಿನ್ನ ಲಾರ್ಸನ್‌ಗೆ ಹೋಯಿತು. ಎಂಟು ಸಲ ಕೊಳದುದ್ದ ಈಜಿದ ಮೇಲೆ ಮೆಕೀ ಹಿಂದೆ ಬಿದ್ದದ್ದು 3 ಮಿಲಿಮೀಟರ್ ಎಂದು ಬರೆದಿಟ್ಟರು! ಅದು ಅಳತೆಯಲ್ಲ, ಅಳತೆಯ ವೇಷ ತೊಟ್ಟ ಚೀಟಿ ಎತ್ತುವಿಕೆ. ಆಮೇಲೆ ಈಜು ಸಾವಿರದ ಲೆಕ್ಕ ಕೈಬಿಟ್ಟು ನೂರಕ್ಕೆ ನಿಂತದ್ದು ವಿವೇಕ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. 3 ಸೆಂಟಿಮೀಟರ್ ಎಂದರೆ ಈ ವೇಗಕ್ಕೆ ಸೆಕೆಂಡಿನ ನೂರರಲ್ಲಿ ಒಂದೂವರೆ ಪಾಲು. ಹಾಗಾದರೆ ನೂರನೇ ಪಾಲನ್ನು ಮಾತ್ರ ನಂಬುವುದು ಹೇಗೆ? ಪ್ರಶ್ನೆ ಸರಿಯಾಗಿಯೇ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ನೇಥನ್ ಏಡ್ರಿಯನ್ 47.52ಕ್ಕೆ ಚಿನ್ನ, ಜೇಮ್ಸ್ ಮ್ಯಾಗ್ನುಸೆನ್ 47.53ಕ್ಕೆ ಬೆಳ್ಳಿ ಪಡೆದಾಗ ಅಂತರ ನೂರರಲ್ಲಿ ಒಂದೇ ಪಾಲು; 47.80ರಲ್ಲಿ ಕಂಚು ಗೆದ್ದವರು ಇದೇ ಹೇಡನ್. ಎಲ್ಲಾದರೂ ಒಂದು ಕಡೆ ಗೆರೆ ಎಳೆಯಲೇಬೇಕು, ನೂರರ ಗೆರೆಯೂ ಒಂದು ಒಪ್ಪಂದವೇ. ಆದರೆ ಈ ವಾದ ಕೊನೆಗೆ ಹೇಳುವುದು ಒಂಟಿ ಚಿನ್ನವನ್ನೂ ಅನುಮಾನದಿಂದ ನೋಡಿ ಎಂದು; ಜಂಟಿ ಚಿನ್ನದ ಬೆಲೆ ಇಳಿಸಿ ಎಂದಲ್ಲ. ಅಂತರ ಕಾಣಿಸದಾಗ ಇನ್ನೂ ಕೆದಕಿ ಅಂತರ ಹುಟ್ಟಿಸುವುದಕ್ಕಂತೂ ಅದು ಸಮರ್ಥನೆಯಾಗದು.

ಜನಕ್ಕೆ ಒಬ್ಬನೇ ವೀರ ಬೇಕು ಎನ್ನುವವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಆ ಆಸೆ ಪೂರೈಸಲು ಸಿನಿಮಾಗಳಿವೆ.

ಹೇಡನ್ ಅವರ ಬದುಕು ಪದಕದ ಬಣ್ಣವನ್ನೇ ಅಳತೆ ಮಾಡಿಕೊಂಡವರ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 50 ಮತ್ತು 100 ಮೀಟರ್ ಎರಡರಲ್ಲೂ ಚಿನ್ನ. ಲಂಡನ್ನಿನ ಕಂಚಿನ ಈಜು ಮೆಲ್ಬರ್ನಿನ ಚಿನ್ನದ ಈಜಿಗಿಂತ 0.63 ಸೆಕೆಂಡು ವೇಗದ್ದು. ಆಮೇಲೆ ನಿವೃತ್ತಿ, ಏಳು ವರ್ಷ ಕಳೆದು ಮತ್ತೆ ನೀರಿಗೆ. 37ನೇ ವಯಸ್ಸಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೆನಡಾದ ರಿಲೇ ತಂಡಕ್ಕೆ ಈಜಿದರು, ತಂಡ ನಾಲ್ಕನೆಯದಾಯಿತು. ಇಲ್ಲಿ ಯಾವುದು ಪೂರ್ತಿ, ಯಾವುದು ಅರ್ಧ?

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕೆನಡಾದ ಹದಿನಾರರ ಪೆನ್ನಿ ಒಲೆಕ್ಸಿಯಾಕ್, ಅಮೆರಿಕದ ಸಿಮೋನ್ ಮ್ಯಾನುಯೆಲ್ ಇಬ್ಬರೂ 52.70ರಲ್ಲಿ 100 ಮೀಟರ್ ಗೆದ್ದರು. ಒಬ್ಬರ ಗೆಲುವು ಇನ್ನೊಬ್ಬರದನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ. ನಮ್ಮ ಉಪಕರಣ ಎಲ್ಲಿಯವರೆಗೆ ನಿಜ ಹೇಳಬಲ್ಲದೋ ಅಲ್ಲಿಗೆ ತೀರ್ಪು ನಿಲ್ಲಬೇಕು. ಅದರಾಚೆಗೂ ಒಬ್ಬನನ್ನು ಮೇಲೆ, ಇನ್ನೊಬ್ಬನನ್ನು ಕೆಳಗೆ ಇಡುವುದು ನಿಖರತೆಯ ಹೆಸರಿನಲ್ಲಿ ಮಾಡುವ ಅನ್ಯಾಯ.